ಉಲ್ಲೇಖದ ಎಣಿಕೆ, ವಿದ್ವತ್ತಿನ ತೂಕ

ಕವಿರಾಜಮಾರ್ಗದಲ್ಲಿ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳು ಬರುತ್ತವೆ. ಅವರ ಕನ್ನಡ ಗದ್ಯಕೃತಿಗಳಲ್ಲಿ ಒಂದೂ ನಮ್ಮ ಕೈಸೇರಿಲ್ಲ. ಆದರೂ ಅಂಥವರು ಇದ್ದರು, ಬರೆದರು ಎಂದು ಹನ್ನೊಂದು ಶತಮಾನಗಳ ಮೇಲೂ ನಾವು ಹೇಳಬಲ್ಲೆವು. ಪೂರ್ವಿಕರನ್ನು ಹೆಸರೆತ್ತಿ ನೆನೆಯುವ ಸೌಜನ್ಯ ಆ ಗ್ರಂಥಕಾರನಲ್ಲಿ ಇದ್ದುದೇ ಇದಕ್ಕೆ ಕಾರಣ. ವಿಜ್ಞಾನದ ಲೇಖನಗಳ ಕೊನೆಯಲ್ಲಿ ಕಾಣುವ ಆಧಾರಗಳ ಪಟ್ಟಿಯೂ ಮೂಲತಃ ಇಂಥದೇ ಋಣಸಂದಾಯ. ಈ ಋಣಗಳನ್ನು ಎಣಿಸಿ ವಿಜ್ಞಾನಿಯ ಯೋಗ್ಯತೆಯನ್ನು ತೂಗುವ ಪದ್ಧತಿ ಹೇಗೆ ಬಂದಿತು, ಆ ತಕ್ಕಡಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಯೋಚಿಸತಕ್ಕ ವಿಷಯ.

ಇದರ ಬೀಜ ಮೊಳೆತದ್ದು ಪ್ರಯೋಗಶಾಲೆಯಲ್ಲಲ್ಲ, ವಕೀಲರ ವೃತ್ತಿಯಲ್ಲಿ. ಹಳೆಯ ತೀರ್ಪೊಂದನ್ನು ಆಧಾರವಾಗಿ ಮುಂದಿಡುವ ವಕೀಲನಿಗೆ ಅದು ಇನ್ನೂ ಊರ್ಜಿತವಾಗಿದೆಯೇ ಎಂಬುದು ತಿಳಿದಿರಬೇಕಷ್ಟೆ. ಒಂದು ತೀರ್ಪನ್ನು ಮುಂದೆ ಯಾವ ಯಾವ ನ್ಯಾಯಾಲಯಗಳು ಉಲ್ಲೇಖಿಸಿದವು, ಎತ್ತಿಹಿಡಿದವು, ತಳ್ಳಿಹಾಕಿದವು ಎಂದು ತಿಳಿಸುವ ಸೂಚಿಯನ್ನು ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ಆರಂಭಿಸಿದ. ಎಂಬತ್ತು ವರ್ಷಗಳ ಅನಂತರ, 1953ರಲ್ಲಿ, ಈ ಉಪಾಯ ಯೂಜೀನ್ ಗಾರ್ಫೀಲ್ಡ್ ಎಂಬ ತರುಣರ ಗಮನಕ್ಕೆ ಬಂದಿತು. ವಿಜ್ಞಾನಕ್ಕೂ ಇಂಥ ಸೂಚಿ ಬೇಕೆಂದು ಅವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. 1964ರಲ್ಲಿ ಫಿಲಡೆಲ್ಫಿಯದ ಅವರ ಸಂಸ್ಥೆ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಸೂಚಿಯನ್ನು ಹೊರತಂದಿತು.

ಗಾರ್ಫೀಲ್ಡರ ಮೊದಲ ಉದ್ದೇಶ ಹುಡುಕಾಟ, ತೂಗುವುದಲ್ಲ. ಒಂದು ವಿಚಾರ ಹುಟ್ಟಿದ ಮೇಲೆ ಯಾರ ಯಾರ ಕೈಯಲ್ಲಿ ಬೆಳೆಯಿತು, ಅದರಲ್ಲಿ ತಪ್ಪು ಕಂಡವರು ಯಾರು ಎಂದು ಓದುಗನಿಗೆ ದಾರಿ ತೋರಿಸಬೇಕೆಂಬುದು ಅವರ ಬಯಕೆ. ಆದರೆ ಎಣಿಸಬಹುದಾದದ್ದು ಕಣ್ಣೆದುರಿಗೆ ಇದ್ದ ಮೇಲೆ ಎಣಿಸದೆ ಬಿಡುವವರುಂಟೆ? ಪತ್ರಿಕೆಗಳಿಗೆ ಅಂಕ ಬಂದಿತು, ಅನಂತರ ವ್ಯಕ್ತಿಗಳಿಗೂ ಬಂದಿತು. 2005ರಲ್ಲಿ ಭೌತವಿಜ್ಞಾನಿ ಹಾರ್ಹೆ ಹಿರ್ಶ್ ಸುಲಭವಾದ ಒಂದು ಸೂತ್ರವನ್ನೇ ಕೊಟ್ಟರು. ಒಬ್ಬರ ಲೇಖನಗಳಲ್ಲಿ ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಬಾರಿಗೆ ಕಡಮೆಯಿಲ್ಲದಂತೆ ಉಲ್ಲೇಖಗೊಂಡಿದ್ದರೆ, ಇಪ್ಪತ್ತೊಂದು ಲೇಖನಗಳಿಗೆ ಈ ಮಾತು ಸಲ್ಲದಿದ್ದರೆ, ಅವರ ಅಂಕ ಇಪ್ಪತ್ತು. ನೇಮಕ, ಬಡ್ತಿ, ಧನಸಹಾಯಗಳನ್ನು ನಿರ್ಧರಿಸುವವರಿಗೆ ಇದಕ್ಕಿಂತ ಅನುಕೂಲವಾದದ್ದು ಬೇರೇನು ಬೇಕು?

ಸಹಕಾರದ ಲೆಕ್ಕವೂ ಅಷ್ಟು ಸುಲಭವಲ್ಲ. 2015ರಲ್ಲಿ ಹಿಗ್ಸ್ ಬೋಸಾನ್ ಕಣದ ದ್ರವ್ಯರಾಶಿಯನ್ನು ಕುರಿತು ಪ್ರಕಟವಾದ ಒಂದು ಲೇಖನಕ್ಕೆ 5,154 ಮಂದಿ ಕರ್ತೃಗಳು. ಅದರ 33 ಪುಟಗಳಲ್ಲಿ 24 ಪುಟಗಳನ್ನು ಅವರ ಮತ್ತು ಅವರ ಸಂಸ್ಥೆಗಳ ಹೆಸರುಗಳೇ ತುಂಬಿದ್ದವು. ಆ ಬೃಹತ್ ಯಂತ್ರದ ಕೆಲಸ ಅಷ್ಟು ಜನರಿಲ್ಲದೆ ನಡೆಯದು, ನಿಜ. ಆದರೆ ಅದರ ಕೀರ್ತಿಯನ್ನು ತಲೆಗೆಷ್ಟು ಎಂದು ಹಂಚುವುದು? ಇತ್ತ ‘ಬೋಸಾನ್’ ಎಂಬ ಹೆಸರಿಗೇ ಕಾರಣರಾದ ಸತ್ಯೇಂದ್ರನಾಥ ಬೋಸರ 1924ರ ಲೇಖನಕ್ಕೆ ಕರ್ತೃ ಒಬ್ಬರೇ. ಅವರ ಹೆಸರು ಈಗ ನಿಘಂಟಿನ ಶಬ್ದವಾಗಿಬಿಟ್ಟಿದೆ. ಆ ಶಬ್ದವನ್ನು ಬಳಸುವವರು ಮೂಲ ಲೇಖನವನ್ನು ಉಲ್ಲೇಖಿಸುವ ಗೋಜಿಗೇ ಹೋಗುವುದಿಲ್ಲ. ಕೀರ್ತಿ ತುದಿಮುಟ್ಟಿದಾಗಲೂ ಎಣಿಕೆ ತಪ್ಪಬಹುದೆಂಬುದಕ್ಕೆ ಇದೊಂದು ನಿದರ್ಶನ.

ಈ ತಕ್ಕಡಿಯ ನಿಜವಾದ ಪರೀಕ್ಷೆ ನಡೆದದ್ದು ಬೆಂಗಳೂರಿನ ಒಂದು ಲೇಖನದ ವಿಷಯದಲ್ಲಿ. 1956ರಲ್ಲಿ ರಾಮನ್ ಸಂಶೋಧನ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಅವರಿಗೆ ಇಪ್ಪತ್ತೆರಡು ವರ್ಷ. ಸರ್ ಸಿ. ವಿ. ರಾಮನ್ನರ ಸೋದರಳಿಯ. ಬೆಳಕನ್ನು ಹೀರುವ ಸ್ಫಟಿಕಗಳನ್ನು ಪರಿಶೀಲಿಸುತ್ತಿದ್ದ ಈ ತರುಣ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಬ್ಬರೇ ಒಂದು ಲೇಖನ ಬರೆದರು. ಬೆಳಕಿನ ಅಲೆ ಕಂಪಿಸುವ ಬಗೆಗೆ ಧ್ರುವೀಕರಣವೆಂದು ಹೆಸರು. ಈ ಬಗೆಗಳನ್ನೆಲ್ಲ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಬೆಳಕನ್ನು ಒಂದು ಬಗೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಮಾರ್ಪಡಿಸಿ ಮತ್ತೆ ಮೊದಲಿನದಕ್ಕೇ ತಂದರೆ, ಅಲೆ ಹೊರಟ ಹಾಗೆಯೇ ಹಿಂದಿರುಗುವುದಿಲ್ಲ. ಅದರ ಏರಿಳಿತದ ಹೊಂದಿಕೆ ಸ್ವಲ್ಪ ಜರುಗಿರುತ್ತದೆ. ಆ ಜರುಗುವಿಕೆ ಎಷ್ಟೆಂಬುದನ್ನು ಗೋಳದ ಮೇಲೆ ಮೂಡಿದ ತ್ರಿಕೋಣದ ವಿಸ್ತಾರವೇ ಹೇಳುತ್ತದೆಂದು ಅವರು ತೋರಿಸಿದರು.

ಲೋಕ ಇದನ್ನು ಹೆಚ್ಚಾಗಿ ಗಮನಿಸಲಿಲ್ಲ. ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಪಾಠ ಹೇಳಿ, 1964ರಲ್ಲಿ, ಗಾರ್ಫೀಲ್ಡರ ಸೂಚಿ ಹೊರಬಂದ ವರ್ಷವೇ, ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತೈದು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಕ್ವಾಂಟಮ್ ವಿಜ್ಞಾನದಲ್ಲಿ ಇದೇ ಬಗೆಯ ತತ್ತ್ವವನ್ನು ಸ್ವತಂತ್ರವಾಗಿ ಕಂಡಾಗ ಜಗತ್ತಿನಲ್ಲೆಲ್ಲ ಅದರ ಮಾತೇ ಆಯಿತು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮೂವತ್ತು ವರ್ಷದ ಹಿಂದಿನ ಲೇಖನದತ್ತ ಬೆರಳು ತೋರಿಸಿದರು. ಬೆರಿಯವರೂ ದೊಡ್ಡ ಮನಸ್ಸಿನಿಂದ 1987ರ ತಮ್ಮ ಬರಹದಲ್ಲಿ ಪಂಚರತ್ನಂ ಅವರ ಹೆಸರಿಟ್ಟೇ ಅದನ್ನು ವಿವರಿಸಿದರು. ಇಂದು ಆ ತತ್ತ್ವ ಪಂಚರತ್ನಂ–ಬೆರಿ ಎಂಬ ಜೋಡಿ ಹೆಸರಿನಿಂದ ಪ್ರಸಿದ್ಧ. 1956ರ ಲೇಖನಕ್ಕೆ ಈಗ ಉಲ್ಲೇಖಗಳ ಬರವಿಲ್ಲ.

ಲೇಖನದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಓದುವವರು. ಎಣಿಕೆ ಅಳೆಯುವುದು ಕೃತಿಯ ಸತ್ತ್ವವನ್ನಲ್ಲ, ಆ ಹೊತ್ತಿನ ಓದುಗರ ಗಮನವನ್ನು. ಪತ್ರಿಕೆಯ ಅಂಕದಿಂದ ವ್ಯಕ್ತಿಯನ್ನು ಅಳೆಯಬೇಡಿರೆಂದು ಗಾರ್ಫೀಲ್ಡರೇ ಎಚ್ಚರಿಸಿದ್ದರು. ಸಂಪಾದಕರು, ಪ್ರಕಾಶಕರು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ ರೂಪಿಸಿದ ಘೋಷಣೆಯೂ ಅದನ್ನೇ ಹೇಳಿತು. ಸೂಚಿಗಳು ಇರಲಿ, ದಾರಿ ತೋರಿಸಲು ಅವು ಬೇಕು. ಆದರೆ ಪಂಚರತ್ನಂ ಅವರ ಹೆಸರನ್ನು ಮರಳಿ ಬೆಳಕಿಗೆ ತಂದದ್ದು, ಆ ಲೇಖನವನ್ನು ಓದಿ ನೆನಪಿಟ್ಟುಕೊಂಡವರು. ತರುಣ ಸಂಶೋಧಕನ ಅರ್ಜಿ ಮುಂದಿಟ್ಟುಕೊಂಡು ಕೂತ ಸಮಿತಿಯವರು ಅಂಕ ನೋಡುವ ಮೊದಲು ಅವನ ಒಂದು ಲೇಖನವನ್ನಾದರೂ ಪೂರ್ತಿ ಓದುವುದು ಒಳ್ಳೆಯದು. ಮೂವತ್ತು ವರ್ಷ ಕಾಯುವ ಆಯುಸ್ಸು ಎಲ್ಲರಿಗೂ ಇರುವುದಿಲ್ಲ.