ಟಚ್ ಪ್ರೋಬಿನ ಸಂಕೇತ: ಒಂದು ಚಾರಿತ್ರಿಕ ವಿವೇಚನೆ

ಯಂತ್ರೋಪಕರಣಗಳ ಚರಿತ್ರೆಯನ್ನು ಬರೆದವರು ಲೋಹವನ್ನು ಕಡಿಯುವ ಸಾಧನಗಳಿಗೆ ಕೊಟ್ಟಷ್ಟು ಗಮನವನ್ನು ಅಳೆಯುವ ಸಾಧನಗಳಿಗೆ ಕೊಟ್ಟಿಲ್ಲ. ಲೇತಿಗೂ ಮಿಲ್ಲಿಂಗ್ ಯಂತ್ರಕ್ಕೂ ಚರಿತ್ರಕಾರರುಂಟು. ಆದರೆ ಯಂತ್ರದ ಮೇಜಿನ ಮೇಲೆ ಬಿಗಿದ ಲೋಹದ ತುಂಡಿನ ಅಂಚು ಎಲ್ಲಿದೆ ಎಂಬುದನ್ನು ಆ ಯಂತ್ರಕ್ಕೆ ತಿಳಿಸುವ ಚಿಕ್ಕ ಉಪಕರಣವನ್ನು ಕುರಿತು ಬರೆದವರು ವಿರಳ. ಕಾರ್ಖಾನೆಗಳಲ್ಲಿ ಅದನ್ನು ಟಚ್ ಪ್ರೋಬ್ ಎನ್ನುತ್ತಾರೆ. ‘ಸ್ಪರ್ಶಶಲಾಕೆ’ ಎಂದು ಕನ್ನಡಿಸಲು ಬಾರದೆ ಇಲ್ಲ. ಕೆಲಸಗಾರರ ಬಾಯಲ್ಲಿ ನೆಲೆನಿಂತ ಮಾತನ್ನು ಬಿಡಲು ಕಾರಣ ಕಾಣದೆ ನಾವು ಪ್ರೋಬ್ ಎಂದೇ ಬಳಸಿದ್ದೇವೆ.

ಈ ವಿವೇಚನೆಗೆ ನಿಮಿತ್ತವಾದುದು ಒಂದು ಅಲ್ಪ ಘಟನೆ. ನಮ್ಮ ಮಿತ್ರರೊಬ್ಬರು ಮನೆಯ ಹಿಂದಣ ಕೋಣೆಯಲ್ಲಿ ಹವ್ಯಾಸಕ್ಕಾಗಿ ಸಣ್ಣದೊಂದು ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರವನ್ನು ಇಟ್ಟುಕೊಂಡಿದ್ದಾರೆ. ಹಳೆಯ ಯಂತ್ರಸಾಮಗ್ರಿಯ ವ್ಯಾಪಾರಿಯೊಬ್ಬನಿಂದ ಅವರು ಬಳಸಿದ ಪ್ರೋಬೊಂದನ್ನು ಕೊಂಡು ತಂದರು. ಅದರೊಡನೆ ಇರಬೇಕಾಗಿದ್ದ ಇಂಟರ್‌ಫೇಸ್ ಪೆಟ್ಟಿಗೆಯಾಗಲಿ ಕೈಪಿಡಿಯಾಗಲಿ ಬಂದಿರಲಿಲ್ಲ. ಅದನ್ನು ಯಂತ್ರಕ್ಕೆ ಜೋಡಿಸುವಾಗ ನಾವೂ ಜೊತೆಯಲ್ಲಿದ್ದೆವು. ಮೊದಲ ಸಂಜೆ ಮೂರು ಬಾರಿ ಅದು ಸರಿಯಾಗಿ ಕೆಲಸ ಮಾಡಿತು. ನಾಲ್ಕನೆಯ ಬಾರಿ ಲೋಹಕ್ಕೆ ತಗುಲಿದ ಮೇಲೂ ಯಂತ್ರ ನಿಲ್ಲಲಿಲ್ಲ. ಮಾಣಿಕ್ಯದ ಗುಂಡನ್ನು ಹೊತ್ತ ಕಡ್ಡಿ ನಮ್ಮ ಕಣ್ಣೆದುರಿಗೇ ಮುರಿಯಿತು. ಕಾರಣವನ್ನು ಹುಡುಕುತ್ತ ಹೊರಟಾಗ ಅದು ತಂತಿಯೊಂದರ ತುದಿಯಲ್ಲಿ ದೊರೆಯಿತು. ಆದರೆ ಆ ತಂತಿಯನ್ನು ಹಾಗೆ ಎಳೆದುದೇಕೆ ಎಂಬ ಪ್ರಶ್ನೆಗೆ ಉತ್ತರ ಈ ಉಪಕರಣದ ಚರಿತ್ರೆಯಲ್ಲಿತ್ತು.

ಅಂಕಿಗಳ ಮೂಲಕ ನಡೆಯುವ ಮಿಲ್ಲಿಂಗ್ ಯಂತ್ರದ ಕಥೆ ಬಲ್ಲವರಿಗೆ ಹೊಸದಲ್ಲ. ಅಮೆರಿಕದ ಮಿಷಿಗನ್ ಸಂಸ್ಥಾನದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳನ್ನು ಕುರಿತ ಕೆಲಸದಿಂದ ಹೊರಟು 1949ರಲ್ಲಿ ಅಲ್ಲಿಯ ವಾಯುಸೇನೆಯ ಗುತ್ತಿಗೆಯನ್ನು ಪಡೆದರು, ಎಂ.ಐ.ಟಿ.ಯ ಸರ್ವೋಮೆಕ್ಯಾನಿಸಂ ಪ್ರಯೋಗಶಾಲೆಯು 1952ರಲ್ಲಿ ಅಂತಹ ಯಂತ್ರವನ್ನು ಜನರ ಮುಂದೆ ನಡೆಸಿ ತೋರಿಸಿತು. ನಮಗೆ ಇಲ್ಲಿ ಬೇಕಾದುದು ಒಂದೇ ಮಾತು. ಹಳೆಯ ಯಂತ್ರದಲ್ಲಿ ತುಂಡಿನ ಅಂಚನ್ನು ಕಂಡುಕೊಳ್ಳುತ್ತಿದ್ದುದು ಕೆಲಸಗಾರನ ಕೈ. ಆತ ಕಟ್ಟರಿಗೂ ತುಂಡಿಗೂ ನಡುವೆ ತೆಳ್ಳನೆಯ ಕಾಗದದ ಚೂರೊಂದನ್ನು ಹಿಡಿದು, ಅದು ಬಿಗಿಯಾದುದನ್ನು ಬೆರಳಿನಿಂದ ಅರಿತು, ಕಾಗದದ ದಪ್ಪವನ್ನು ಲೆಕ್ಕದಲ್ಲಿ ಕಳೆಯುತ್ತಿದ್ದ. ಅಂಕಿಗಳಿಂದ ನಡೆಯುವ ಯಂತ್ರ ಆ ಕೈಯನ್ನು ಹ್ಯಾಂಡಲಿನಿಂದ ಬಿಡಿಸಿತಾದರೂ ಕಾಗದದ ಚೂರನ್ನು ಬಿಡಿಸಲಿಲ್ಲ. ಡೇವಿಡ್ ನೋಬಲ್ ಅವರು 1984ರ ತಮ್ಮ ಗ್ರಂಥದಲ್ಲಿ, ಕೆಲಸಗಾರನಲ್ಲಿದ್ದ ಜ್ಞಾನವನ್ನು ಕಚೇರಿಗೆ ಸಾಗಿಸುವ ಹವಣಿಕೆ ಈ ಯಂತ್ರಗಳ ಹಿಂದೆ ಇತ್ತೆಂದು ವಾದಿಸಿದ್ದಾರೆ. ಆ ವಾದವನ್ನು ಪೂರ್ತಿಯಾಗಿ ಒಪ್ಪದವರೂ, ಬೆರಳಿನ ಅರಿವು ಬಹುಕಾಲ ಸಾಗಿಸಲಾಗದೆ ಉಳಿಯಿತೆಂಬುದನ್ನು ಒಪ್ಪಬೇಕಾಗುತ್ತದೆ.

ಪ್ರೋಬಿನ ಹುಟ್ಟು ಮಿಲ್ಲಿಂಗ್ ಯಂತ್ರದ ಮೇಲಲ್ಲ, ಅಳತೆಯ ಯಂತ್ರದ ಮೇಲೆ. ಮೂರು ದಿಕ್ಕಿನಲ್ಲಿಯೂ ಚಲಿಸಿ ವಸ್ತುವಿನ ಬಿಂದುಗಳನ್ನು ಅಳೆಯುವ ಯಂತ್ರಗಳು 1960ರ ದಶಕದಲ್ಲಿ ಬಳಕೆಗೆ ಬಂದಿದ್ದವು. ಅವುಗಳ ತುದಿಯಲ್ಲಿದ್ದುದು ಮಾತ್ರ ಬರಿಯ ಗಡುಸು ಕಡ್ಡಿ. ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಸಂಸ್ಥೆಯಲ್ಲಿ ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನಿಗೆ ಬೇಕಾದ ಸಣ್ಣ ಇಂಧನ ಕೊಳವೆಗಳನ್ನು ಅಳೆಯಬೇಕಾಗಿ ಬಂದಾಗ ಈ ಕಡ್ಡಿಯ ದೋಷ ಹೊರಬಿದ್ದಿತು. ಕಡ್ಡಿ ತಗುಲಿದೊಡನೆ ಕೊಳವೆಯೇ ಬಾಗುತ್ತಿತ್ತು. ಅಳೆಯುವ ಕ್ರಿಯೆ ಅಳೆಯಬೇಕಾದ ವಸ್ತುವನ್ನೇ ಕೆಡಿಸುತ್ತಿತ್ತು. ಅಲ್ಲಿ ಕೆಲಸದಲ್ಲಿದ್ದ ಡೇವಿಡ್ ಮೆಕ್‌ಮರ್ಟ್ರಿ 1972ರಲ್ಲಿ ಇದಕ್ಕೆ ಪರಿಹಾರವಾಗಿ ಹೊಸ ಪ್ರೋಬನ್ನು ರಚಿಸಿದರು. ಅದರ ಪೇಟೆಂಟು ರೋಲ್ಸ್‌ರಾಯ್ಸಿನ ಹೆಸರಿನಲ್ಲಿಯೇ ದಾಖಲಾಯಿತು. ಮರುವರ್ಷ, 1973ರಲ್ಲಿ, ಮೆಕ್‌ಮರ್ಟ್ರಿ ಮತ್ತು ಅವರ ಸಹೋದ್ಯೋಗಿ ಜಾನ್ ಡೀರ್ ಇವರಿಬ್ಬರೂ ಕೂಡಿ ರೆನಿಶಾ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮೆಕ್‌ಮರ್ಟ್ರಿಯವರು 2024ರ ಡಿಸೆಂಬರಿನಲ್ಲಿ ನಿಧನರಾದರು.

ಈ ಪ್ರೋಬು ಒಂದು ವಾರಾಂತ್ಯದ ಬಿಡುವಿನಲ್ಲಿ ಹೊಳೆದು ಸಿದ್ಧವಾಯಿತೆಂಬ ಕಥೆ ಪ್ರಚಾರದಲ್ಲಿದೆ. ಅದು ನಿಜವಿರಬಹುದು. ಆದರೆ ಅದನ್ನಷ್ಟೇ ಹೇಳಿ ನಿಲ್ಲಿಸಿದರೆ, ಅದರ ಹಿಂದಿನ ನೂರು ವರ್ಷಗಳ ಮಾತು ಮರೆಯಾಗುತ್ತದೆ. ಪ್ರೋಬಿನ ಒಳಗಣ ರಚನೆಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಕಡ್ಡಿಯ ಬುಡದಲ್ಲಿ, ಚಕ್ರದ ಅರಗಳಂತೆ ಮೂರು ಸಣ್ಣ ಉರುಳೆಗಳು ಹೊರಚಾಚಿವೆ. ಒಂದೊಂದು ಉರುಳೆಯೂ ಎರಡೆರಡು ಗುಂಡುಗಳ ನಡುವಣ ತಗ್ಗಿನಲ್ಲಿ ಕುಳಿತಿದೆ. ಮೇಲಿನಿಂದ ಸ್ಪ್ರಿಂಗೊಂದು ಒತ್ತುತ್ತಿದೆ. ಒಟ್ಟು ಆರು ಸ್ಪರ್ಶಬಿಂದುಗಳು. ಘನವಸ್ತುವೊಂದಕ್ಕೆ ಚಲಿಸಲು ಇರುವ ದಾರಿಗಳೂ ಆರೇ: ಮೂರು ಸರಿದಾಟ, ಮೂರು ತಿರುಗಾಟ. ಆರನ್ನು ಆರು ಬಿಂದುಗಳಿಂದ ತಡೆದರೆ ವಸ್ತು ಎಷ್ಟು ಬಾರಿ ಕದಲಿಸಿದರೂ ಮರಳಿ ತನ್ನ ಸ್ಥಾನಕ್ಕೇ ಬಂದು ಕೂರುತ್ತದೆ. ಏಳನೆಯದನ್ನು ಸೇರಿಸಿದರೆ ಈ ಗುಣ ಕೆಡುತ್ತದೆ. ಈ ತತ್ವವನ್ನು ಕೆಲ್ವಿನರೂ ಮ್ಯಾಕ್ಸ್‌ವೆಲ್ಲರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳಸಿದ್ದರು. 1876ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ನಡೆದ ವೈಜ್ಞಾನಿಕ ಉಪಕರಣಗಳ ಪ್ರದರ್ಶನಕ್ಕಾಗಿ ಬರೆದ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್ ಅದನ್ನು ವಿವರಿಸಿದ್ದಾರೆ. ಮೆಕ್‌ಮರ್ಟ್ರಿಯವರ ಹೆಚ್ಚಳವಿರುವುದು ಆ ಆರು ಬಿಂದುಗಳನ್ನೇ ಒಂದರ ಹಿಂದೆ ಒಂದರಂತೆ ವಿದ್ಯುತ್ ಮಂಡಲವಾಗಿ ಜೋಡಿಸಿದುದರಲ್ಲಿ. ಕಡ್ಡಿ ಯಾವ ದಿಕ್ಕಿಗೆ ಬಾಗಿದರೂ ಆರರಲ್ಲಿ ಯಾವುದೋ ಒಂದು ಬಿಂದು ಸಡಿಲುತ್ತದೆ, ಮಂಡಲ ಕಡಿಯುತ್ತದೆ. ಸ್ಥಾನವನ್ನು ಕಾಯುವ ಬಿಂದುಗಳೇ ಸುದ್ದಿಯನ್ನೂ ಹೇಳುತ್ತವೆ.

ಹೀಗಾಗಿ ಪ್ರೋಬು ತಿಳಿಸುವುದು ‘ತಗುಲಿತು’ ಎಂಬುದನ್ನಲ್ಲ, ‘ಕಡಿಯಿತು’ ಎಂಬುದನ್ನು. ಇವೆರಡರ ನಡುವೆ ಅಂತರವುಂಟು. ಗುಂಡು ಲೋಹವನ್ನು ಮುಟ್ಟಿದ ಮೇಲೆ ಸ್ಪ್ರಿಂಗಿನ ಒತ್ತಡವನ್ನು ಗೆಲ್ಲುವವರೆಗೆ ಕಡ್ಡಿ ತಾನೇ ಸ್ವಲ್ಪ ಬಾಗುತ್ತದೆ. ಆ ಬಳಿಕವೇ ಸಂಕೇತ. ಈ ಬಾಗು ಎಲ್ಲ ದಿಕ್ಕಿನಲ್ಲಿಯೂ ಒಂದೇ ಆಗಿದ್ದರೆ ಲೆಕ್ಕದಲ್ಲಿ ಕಳೆದುಬಿಡಬಹುದಾಗಿತ್ತು. ಆಧಾರಗಳು ಮೂರಾದುದರಿಂದ ಹಾಗಾಗದು. ಒಂದು ದಿಕ್ಕಿಗೆ ತಳ್ಳಿದಾಗ ಒಂದೇ ಆಧಾರದ ಮೇಲೆ ಹೊರಳುತ್ತದೆ; ಅದರ ಎದುರು ದಿಕ್ಕಿಗೆ ತಳ್ಳಿದಾಗ ಎರಡು ಆಧಾರಗಳನ್ನು ಕೂಡಿಸುವ ರೇಖೆಯ ಮೇಲೆ ಹೊರಳುತ್ತದೆ. ಸಮಬಾಹು ತ್ರಿಭುಜದಲ್ಲಿ ಕೇಂದ್ರದಿಂದ ಮೂಲೆಗಿರುವ ದೂರ, ಕೇಂದ್ರದಿಂದ ಬಾಹುವಿಗಿರುವ ದೂರದ ಎರಡರಷ್ಟು. ಆದ್ದರಿಂದ ಬೇಕಾಗುವ ಬಲವೂ ದಿಕ್ಕಿನಿಂದ ದಿಕ್ಕಿಗೆ ಒಂದಕ್ಕೆ ಎರಡರಷ್ಟು ವ್ಯತ್ಯಾಸವಾಗುತ್ತದೆ, ಅದರೊಡನೆ ಬಾಗೂ ಕೂಡ. ಕಡ್ಡಿ ಉದ್ದವಾದಷ್ಟೂ ಇದು ಹೆಚ್ಚುತ್ತದೆ.

ಈ ಅಂತರ ಎಷ್ಟು ತೊಡಕಿನದೆಂಬುದಕ್ಕೆ ಪ್ರಯೋಗಶಾಲೆಗಿಂತ ನ್ಯಾಯಾಲಯದಲ್ಲಿ ಒಳ್ಳೆಯ ಸಾಕ್ಷ್ಯ ದೊರೆಯುತ್ತದೆ. ರೆನಿಶಾ ಕಂಪನಿಯು ಪ್ರೋಬುಗಳ ಪೇಟೆಂಟೊಂದರ ವಿಷಯವಾಗಿ ಇಟಲಿಯ ಮಾರ್ಪೊಸ್ ಕಂಪನಿಯ ಮೇಲೆ ಅಮೆರಿಕದಲ್ಲಿ ಹೂಡಿದ ದಾವೆಯು ಅಲ್ಲಿಯ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದಲ್ಲಿ 1998ರಲ್ಲಿ ತೀರ್ಮಾನವಾಯಿತು. ವ್ಯಾಜ್ಯ ನಿಂತಿದ್ದುದು ಒಂದು ಸಣ್ಣ ಶಬ್ದದ ಮೇಲೆ. ಕಡ್ಡಿಯ ತುದಿ ವಸ್ತುವನ್ನು ಮುಟ್ಟಿ ಬಾಗಿದ ‘ಆಗ’ ಸಂಕೇತ ಹುಟ್ಟಬೇಕೆಂದು ಪೇಟೆಂಟಿನಲ್ಲಿತ್ತು. ಈ ‘ಆಗ’ ಎಂದರೆ ಮುಟ್ಟಿದ ಬಳಿಕ ಎಂದಾದರೂ ಎಂದೇ, ಅಥವಾ ಮುಟ್ಟಿದ ಬಳಿಕ ಸಾಧ್ಯವಾದಷ್ಟು ಬೇಗನೆ ಎಂದೇ? ನ್ಯಾಯಾಲಯವು ಎರಡನೆಯ ಅರ್ಥವನ್ನು ಹಿಡಿಯಿತು. ತಡವಾಗಿ ಸಂಕೇತ ಕೊಡುವ ಎದುರಾಳಿಯ ಪ್ರೋಬು ಪೇಟೆಂಟನ್ನು ಉಲ್ಲಂಘಿಸಲಿಲ್ಲವೆಂದಾಯಿತು. ಪೇಟೆಂಟು ವಕೀಲರು ಈ ತೀರ್ಪನ್ನು ಶಬ್ದಾರ್ಥದ ನಿರ್ಣಯಕ್ಕಾಗಿ ಉದಾಹರಿಸುವುದುಂಟು. ನಮಗಾದರೋ ಇದು ಪ್ರೋಬಿನ ಚರಿತ್ರೆಯ ತಿರುಳು. ತಡವಾದ ಸಂಕೇತ ದೋಷವೆಂದು ಹೇಳುವಂತಿಲ್ಲ. ಕಂಪನದಿಂದ ಸುಳ್ಳು ಸಂಕೇತ ಹುಟ್ಟದಿರಲು ತಡವೇ ಬೇಕಾಗಬಹುದು. ಸತ್ಯವೂ ಶೀಘ್ರತೆಯೂ ಇಲ್ಲಿ ಒಂದರ ಮೇಲೊಂದು ಬೆಲೆ ಕಟ್ಟುತ್ತವೆ.

ಇನ್ನು ಹವ್ಯಾಸಿಗಳ ಯಂತ್ರಕ್ಕೆ ಬರೋಣ. ಇವುಗಳ ನಿಯಂತ್ರಕಗಳು ಎರಡು ಮೂಲಗಳಿಂದ ಬಂದಿವೆ ಎನ್ನಬಹುದು. ಒಂದು, ಅಮೆರಿಕ ಸರ್ಕಾರದ ಅಳತೆ ಮತ್ತು ಮಾನಕಗಳ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಬೆಳೆದ ನಿಯಂತ್ರಕ, ಲಿನಕ್ಸ್ ಸಿ.ಎನ್.ಸಿ. ಅದರ ಸಂತತಿ. ಇನ್ನೊಂದು, 2009ರಲ್ಲಿ ನಾರ್ವೆಯಲ್ಲಿ ಆರಂಭವಾದ ಜಿ.ಆರ್.ಬಿ.ಎಲ್. ಎಂಬ ಕ್ರಮವಿಧಿ, ಅದು ಆರ್ಡುವಿನೊ ಎಂಬ ಅಗ್ಗದ ಹಲಗೆಯ ಮೇಲೆ ನಡೆಯುತ್ತದೆ. ಆ ಸರ್ಕಾರಿ ಸಂಸ್ಥೆ 2000ದಲ್ಲಿ ಪ್ರಕಟಿಸಿದ ವಿವರಣೆಯಲ್ಲಿರುವ ಜಿ 38.2 ಎಂಬ ಆಜ್ಞೆ ಈಗ ಇವೆರಡರಲ್ಲಿಯೂ ಇದೆ. ‘ಈ ದಿಕ್ಕಿಗೆ ಸರಿ, ಪ್ರೋಬಿನ ಸಂಕೇತ ಬಂದ ಕ್ಷಣದ ಸ್ಥಾನವನ್ನು ಬರೆದಿಟ್ಟು ನಿಲ್ಲು, ಸಂಕೇತ ಬಾರದಿದ್ದರೆ ತಪ್ಪೆಂದು ಸಾರು’ ಎಂಬುದು ಅದರ ತಾತ್ಪರ್ಯ.

ಆದರೆ ಹವ್ಯಾಸಿಗಳಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದುದು ಪ್ರೋಬಲ್ಲ, ಒಂದು ಲೋಹದ ಬಿಲ್ಲೆ. ಬಿಲ್ಲೆಗೆ ಒಂದು ತಂತಿ, ಕಟ್ಟರಿಗೆ ಇನ್ನೊಂದು. ಕಟ್ಟರು ಬಿಲ್ಲೆಯನ್ನು ಮುಟ್ಟಿದೊಡನೆ ಮಂಡಲ ಕೂಡುತ್ತದೆ. ಜಿ.ಆರ್.ಬಿ.ಎಲ್. ತಾನಾಗಿ ನಿರೀಕ್ಷಿಸುವುದೂ ಇದನ್ನೇ. ಒಂದೇ ಘಟನೆಗೆ ಎರಡು ವಿರುದ್ಧ ಭಾಷೆಗಳು: ಬಿಲ್ಲೆಯಲ್ಲಿ ಸ್ಪರ್ಶವೆಂದರೆ ಕೂಡುವುದು, ಪ್ರೋಬಿನಲ್ಲಿ ಸ್ಪರ್ಶವೆಂದರೆ ಕಡಿಯುವುದು. ನಮ್ಮ ಮಿತ್ರರು ಈ ವೈರುಧ್ಯವನ್ನು ಕಂಡು, ನಡುವೆ ಒಂದು ಟ್ರಾನ್ಸಿಸ್ಟರನ್ನು ಕೂಡಿಸಿ ಸಂಕೇತವನ್ನು ತಿರುವುಮುರುವು ಮಾಡಿದ್ದರು. ಪ್ರೋಬಿನ ಮಂಡಲ ಕಡಿದರೆ ಟ್ರಾನ್ಸಿಸ್ಟರಿನ ಮುಂದಣ ಮಂಡಲ ಕೂಡುತ್ತಿತ್ತು. ಜಾಣತನದ ಕೆಲಸವೇ. ಆದರೆ ಟ್ರಾನ್ಸಿಸ್ಟರಿನಿಂದ ನಿಯಂತ್ರಕಕ್ಕೆ ಹೋಗುವ ತಂತಿ ತಿರುಪಿನ ಕೆಳಗಿನಿಂದ ಜಾರಿತ್ತು. ಪ್ರೋಬು ಕೂಗಿತು, ಸುದ್ದಿ ತಲುಪಲಿಲ್ಲ. ಯಂತ್ರ ‘ಇನ್ನೂ ತಗುಲಿಲ್ಲ’ವೆಂದು ಮುಂದುವರಿಯಿತು.

ಮೂಲ ರಚನೆಯಲ್ಲಿ ಈ ಅಪಾಯಕ್ಕೆ ಎಡೆಯಿರಲಿಲ್ಲ. ಕಡಿಯುವುದೇ ಸಂಕೇತವಾದಲ್ಲಿ, ತಂತಿ ಕಡಿದರೂ ತಿರುಪು ಸಡಿಲಿದರೂ ಯಂತ್ರಕ್ಕೆ ಅದು ಸ್ಪರ್ಶವೆಂದೇ ಕಾಣುತ್ತದೆ, ಯಂತ್ರ ನಿಲ್ಲುತ್ತದೆ. ಅದಕ್ಕೆ ಮಾಡಬೇಕಾದುದು ಟ್ರಾನ್ಸಿಸ್ಟರನ್ನು ತೆಗೆದುಹಾಕಿ, ಪ್ರೋಬಿನ ಎರಡು ತಂತಿಗಳಲ್ಲಿ ಒಂದನ್ನು ನಿಯಂತ್ರಕದ ಪ್ರೋಬು ಕಡ್ಡಿಗೆ, ಇನ್ನೊಂದನ್ನು ಭೂಮಿಗೆ ಕೊಟ್ಟು, ಜಿ.ಆರ್.ಬಿ.ಎಲ್.ನ ಆರನೆಯ ಸಂಖ್ಯೆಯ ಸೆಟ್ಟಿಂಗನ್ನು ಸೊನ್ನೆಯಿಂದ ಒಂದಕ್ಕೆ ಬದಲಾಯಿಸುವುದು, ಇಷ್ಟೇ. ಆಮೇಲೆ ತಂತಿಯನ್ನು ಬೇಕೆಂದೇ ಕಳಚಿ ನೋಡಿದೆವು. ಜಿ 38.2 ಕೊಟ್ಟೊಡನೆ ಯಂತ್ರ ಹೊರಡಲೊಪ್ಪದೆ ನಾಲ್ಕನೆಯ ಸಂಖ್ಯೆಯ ಅಲಾರಂ ತೋರಿಸಿತು. ಪ್ರೋಬು ಆರಂಭದಲ್ಲಿಯೇ ಇರಬಾರದ ಸ್ಥಿತಿಯಲ್ಲಿದೆ ಎಂಬುದು ಅದರ ಅರ್ಥ.

ನೇರವಾಗಿ ಜೋಡಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ, 1998ರ ‘ಆಗ’ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಪ್ರೋಬಿನೊಡನೆ ಮಾರಲಾಗುತ್ತಿದ್ದ ಇಂಟರ್‌ಫೇಸ್ ಪೆಟ್ಟಿಗೆ ಮಂಡಲ ಪೂರ್ತಿ ಕಡಿಯುವವರೆಗೆ ಕಾಯುತ್ತಿರಲಿಲ್ಲ. ಬಿಂದುಗಳ ಒತ್ತಡ ಇಳಿಯುತ್ತ ವಿದ್ಯುತ್ ರೋಧ ಏರುತ್ತದೆ. ಅದು ಒಂದು ಮಿತಿಯನ್ನು ದಾಟಿದೊಡನೆ ಪೆಟ್ಟಿಗೆ ಸಂಕೇತ ಕೊಟ್ಟು, ಬಿಂದುಗಳಲ್ಲಿ ಕಿಡಿ ಹಾರದಂತೆ ಪ್ರವಾಹವನ್ನೂ ನಿಲ್ಲಿಸುತ್ತಿತ್ತು. ಆರ್ಡುವಿನೊ ಹಲಗೆಯ ಒಳಗಿನ ರೋಧಕ ಹತ್ತಾರು ಸಾವಿರ ಓಮಿನದು. ಅದರ ಎದುರು ಪ್ರೋಬಿನ ರೋಧ ಗಣನೆಗೆ ಬರಬೇಕಾದರೆ ಬಿಂದು ಬಹುಮಟ್ಟಿಗೆ ಬಿಟ್ಟೇ ಹೋಗಬೇಕು. ಅದೇ ಪ್ರೋಬು, ಅದೇ ಸ್ಪರ್ಶ, ಆದರೆ ಕ್ಷಣ ಬೇರೆ.

ಮೋಟಾರುಗಳ ಗದ್ದಲದಿಂದ ಸುಳ್ಳು ಸಂಕೇತ ಬರುವುದೆಂದು ಕೆಲವರು ತಂತಿಗೆ ಕೆಪ್ಯಾಸಿಟರ್ ಸೇರಿಸುತ್ತಾರೆ. ತಡವನ್ನು ಕೈಯಾರೆ ತಂದುಕೊಂಡಂತೆ. ಮಿನಿಟಿಗೆ 120 ಮಿಲಿಮೀಟರ್ ವೇಗದಲ್ಲಿ ಸಾಗುವ ಪ್ರೋಬು ಸೆಕೆಂಡಿಗೆ 2 ಮಿಲಿಮೀಟರ್ ಚಲಿಸುತ್ತದೆ. ಸೆಕೆಂಡಿನ ನೂರರಲ್ಲೊಂದು ಭಾಗ ತಡವಾದರೆ 0.02 ಮಿಲಿಮೀಟರ್ ತಪ್ಪು. ವೇಗವನ್ನು ಅರ್ಧಕ್ಕಿಳಿಸಿದರೆ ತಪ್ಪೂ ಅರ್ಧವಾಗುತ್ತದೆ. ಆದುದರಿಂದ ತಡವಿರುವುದು ಅಷ್ಟು ಕೆಟ್ಟದಲ್ಲ. ಸರಿದೂಗಿಸುವಾಗ ಒಂದು ವೇಗ, ಅಳೆಯುವಾಗ ಇನ್ನೊಂದು ವೇಗ ಎಂದಾದರೆ ಮಾತ್ರ ಲೆಕ್ಕ ಕೆಡುತ್ತದೆ. ಕವಚವಿರುವ ತಂತಿಯನ್ನು ಬಳಸಿ, ಹೊರಗಿನಿಂದ ಕಡಮೆ ಬೆಲೆಯ ರೋಧಕವೊಂದನ್ನು ಸೇರಿಸಿದುದರಿಂದ ನಮಗೆ ಕೆಪ್ಯಾಸಿಟರಿನ ಅಗತ್ಯ ಬೀಳಲಿಲ್ಲ.

ಕಡೆಯದಾಗಿ ಒಂದು ಮಾತು. ಅಳತೆಯ ಯಂತ್ರದಲ್ಲಿ ಪ್ರೋಬು ಸಂಕೇತ ಕೊಟ್ಟಾಗ ಓದುವುದು ನಿಜವಾದ ಅಳತೆಪಟ್ಟಿಯನ್ನು. ಹವ್ಯಾಸಿಯ ಯಂತ್ರದಲ್ಲಿ ಸಾಮಾನ್ಯವಾಗಿ ಅಳತೆಪಟ್ಟಿಯೇ ಇಲ್ಲ; ನಿಯಂತ್ರಕ ಓದುವುದು ತಾನು ಮೋಟಾರಿಗೆ ಕಳುಹಿಸಿದ ಮಿಡಿತಗಳ ಎಣಿಕೆಯನ್ನು. ಸ್ಕ್ರೂ ಮತ್ತು ನಟ್ಟಿನ ನಡುವಣ ಸಡಿಲು ಆ ಎಣಿಕೆಯಲ್ಲಿ ಕಾಣುವುದಿಲ್ಲ. ನಮ್ಮ ಮಿತ್ರರು ಹೊಸ ಕಡ್ಡಿಯನ್ನು ಸಿಕ್ಕಿಸಿ ಒಂದು ರಂಧ್ರದ ಒಳಗೋಡೆಗಳನ್ನು ಎಡಕ್ಕೂ ಬಲಕ್ಕೂ ಮುಟ್ಟಿಸಿ ನೋಡಿದರು. ಒಂದೇ ಕಡೆಯನ್ನು ಹತ್ತು ಬಾರಿ ಮುಟ್ಟಿದಾಗ ಬಂದ ಅಂಕಿಗಳು ಒಂದನ್ನೊಂದು ಹೋಲುತ್ತಿದ್ದವು. ರಂಧ್ರದ ವ್ಯಾಸ ಮಾತ್ರ ಮೈಕ್ರೋಮೀಟರ್ ತೋರಿಸಿದುದಕ್ಕೆ ಹೊಂದಲಿಲ್ಲ. ಅವರು ಈಗ ಮೇಜನ್ನು ಬಿಚ್ಚಿ ನಟ್ಟನ್ನು ಬಿಗಿ ಮಾಡುತ್ತಿದ್ದಾರೆ.