ಡ್ರೈವರ್ ಫಿಟ್ಟಿಂಗ್: ಯಾರ್ಡ್ ಲೆಕ್ಕಕ್ಕೂ ಮೊದಲು ನೋಡಬೇಕಾದದ್ದು

ಗಾಲ್ಫ್ ಆಟಗಾರರ ಚೀಲದಲ್ಲಿರುವ ಅತಿ ಉದ್ದದ ಕ್ಲಬ್ ಡ್ರೈವರ್. ಅದನ್ನು ಆಡುವವರ ಸ್ವಿಂಗ್‌ಗೆ ತಕ್ಕಂತೆ ಆರಿಸಿ ಹೊಂದಿಸಿಕೊಡುವ ಕೆಲಸವೇ ಫಿಟ್ಟಿಂಗ್. ಇದಕ್ಕೆಂದು ಹೋದವರು ಮೊದಲು ಕೇಳುವುದು, ‘ಎಷ್ಟು ಯಾರ್ಡ್ ಹೆಚ್ಚು ಹೋಯಿತು?’ ಎಂದು. ಆ ಪ್ರಶ್ನೆ ಕೊನೆಗೆ ಬರಬೇಕು ಎಂಬುದು ಈ ಟಿಪ್ಪಣಿಯ ವಾದ. ಚೆಂಡು ಕ್ಲಬ್ಬಿನ ಫೇಸ್ ಮೇಲೆ ಎಲ್ಲಿ ತಾಗುತ್ತದೆ, ಹೆಡ್ ಯಾವ ಕೋನದಲ್ಲಿ ಚೆಂಡಿನತ್ತ ಬರುತ್ತದೆ ಎಂಬ ಎರಡು ಸಂಗತಿ ಮೊದಲು ಖಚಿತವಾಗಬೇಕು. ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ), ಉದ್ದ, ಶಾಫ್ಟ್ (ಕ್ಲಬ್ಬಿನ ಕೋಲು) ಇವುಗಳ ಆಯ್ಕೆಗೆ ಇವೇ ಆಧಾರ.

ನಿಯಮ ಎಳೆದ ಗೆರೆ

1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ಥಾ 190 ಘನ ಸೆಂಟಿಮೀಟರ್ ಗಾತ್ರದ ಸ್ಟೀಲ್ ಹೆಡ್‌ನೊಂದಿಗೆ ಬಂದಾಗ ಅದೇ ದೊಡ್ಡದೆನಿಸಿತ್ತು. ಟೈಟೇನಿಯಂ ಬಂದ ಮೇಲೆ ಹೆಡ್‌ಗಳು ಅದರ ಎರಡು ಪಟ್ಟು ಮೀರಿ ಹಿಗ್ಗಿದವು. ಗಾಲ್ಫ್ ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು 460 ಘನ ಸೆಂಟಿಮೀಟರಿಗೆ ಮಿತಿ ಹಾಕಿದವು. ಫೇಸ್‌ನ ಪುಟಿಸುವ ಗುಣಕ್ಕೂ ಮಿತಿಯಿದೆ: ಡಿಕ್ಕಿಯ ನಂತರ ಚೆಂಡು ಮತ್ತು ಹೆಡ್ ಬೇರ್ಪಡುವ ವೇಗ, ಡಿಕ್ಕಿಗೆ ಮುಂಚೆ ಅವು ಹತ್ತಿರವಾಗುತ್ತಿದ್ದ ವೇಗದ ಸುಮಾರು 0.83 ಪಾಲನ್ನು ದಾಟುವಂತಿಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಹೆಡ್ ತೂಕ ಸುಮಾರು 200 ಗ್ರಾಂ, ಚೆಂಡು 45.93 ಗ್ರಾಂ ಮೀರುವಂತಿಲ್ಲ. ಲಾಫ್ಟ್ ಬದಿಗಿಟ್ಟು ನೇರ ಡಿಕ್ಕಿಯೆಂದು ಎಣಿಸಿದರೆ, ಚೆಂಡಿನ ವೇಗ ಹೆಡ್‌ನ ವೇಗದ ಹೆಚ್ಚೆಂದರೆ 1.49 ಪಟ್ಟು. ಮಿತಿಯ ಅಂಚಿಗೆ ಬಂದು ನಿಂತ ಡ್ರೈವರ್‌ಗಳ ನಡುವೆ ಪುಟಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಆ 1.49ರ ಹತ್ತಿರಕ್ಕೆ ಆಟಗಾರ ಎಷ್ಟು ಸಲ ಬರುತ್ತಾನೆ ಎಂಬುದರಲ್ಲಿ ವ್ಯತ್ಯಾಸವಿದೆ.

ತಾಗುವ ಜಾಗ

ಗಂಟೆಗೆ 90 ಮೈಲಿ ವೇಗದ ಸ್ವಿಂಗ್ ತೆಗೆದುಕೊಳ್ಳೋಣ. ಅನುಪಾತ 1.48 ಇದ್ದರೆ ಚೆಂಡು 133 ಮೈಲಿ ವೇಗದಲ್ಲಿ ಹೊರಡುತ್ತದೆ, 1.40ಕ್ಕೆ ಇಳಿದರೆ 126. ಚೆಂಡಿನ ವೇಗದ ಒಂದೊಂದು ಮೈಲಿಗೆ ಸುಮಾರು ಎರಡು ಯಾರ್ಡ್ ಎಂಬ ರೂಢಿಯ ಅಂದಾಜಿನಂತೆ ಹದಿನಾಲ್ಕು ಯಾರ್ಡ್ ನಷ್ಟ. ಅದನ್ನು ತೋಳಿನ ಬಲದಿಂದಲೇ ತುಂಬಿಕೊಳ್ಳಲು ಸ್ವಿಂಗ್ 95 ಮೈಲಿಗೆ ಏರಬೇಕು. ನಡುವಯಸ್ಸು ದಾಟಿದವರಿಗೆ ಅದು ಸುಲಭದ ಮಾತಲ್ಲ.

ನಷ್ಟ ವೇಗಕ್ಕಷ್ಟೇ ನಿಲ್ಲುವುದಿಲ್ಲ. ಡ್ರೈವರ್‌ನ ಭಾರಕೇಂದ್ರ ಫೇಸ್‌ನಿಂದ ಹಿಂದೆ ಇರುವುದರಿಂದ, ನಡುವಿನಿಂದ ಆಚೀಚೆ ತಾಗಿದಾಗ ಹೆಡ್ ತಿರುಚಿಕೊಂಡು ಚೆಂಡಿಗೆ ಎದುರು ದಿಕ್ಕಿನ ಸುತ್ತು ಕೊಡುತ್ತದೆ. ಬಲಗೈ ಆಟಗಾರ ಹೊರತುದಿಯಲ್ಲಿ, ಅಂದರೆ ಟೋ ಕಡೆ ಹೊಡೆದರೆ ಚೆಂಡು ಎಡಕ್ಕೆ ಬಾಗುತ್ತದೆ. ಫೇಸ್‌ಗೆ ಉಬ್ಬು ಕೊಟ್ಟಿರುವುದು ಇದನ್ನು ಸರಿದೂಗಿಸಲು. ನಡುವಿಗಿಂತ ತುಸು ಮೇಲೆ ತಾಗಿದರೆ ಚೆಂಡು ಎತ್ತರಕ್ಕೆ ಹೊರಟು ಬ್ಯಾಕ್‌ಸ್ಪಿನ್, ಅಂದರೆ ಹಿಮ್ಮುಖ ಸುತ್ತು, ತಗ್ಗುತ್ತದೆ. ಕೆಳಗೆ ತಾಗಿದರೆ ತಗ್ಗಿನಲ್ಲಿ ಹೊರಟು ಸ್ಪಿನ್ ಏರುತ್ತದೆ. ಹೀಗಾಗಿ ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್ ಯಂತ್ರ ತೋರಿಸಿದ ಸ್ಪಿನ್ ಸಂಖ್ಯೆಯೊಂದನ್ನೇ ನಂಬಿ ಲಾಫ್ಟ್ ಬದಲಿಸುವುದು ಅಪಾಯ. ಫೇಸ್ ಮೇಲೆ ಪೌಡರ್ ಸ್ಪ್ರೇ ಹೊಡೆದು ನಾಲ್ಕಾರು ಚೆಂಡು ಆಡಿದರೆ ಬಿಳಿ ಪದರದ ಮೇಲೆ ಒಂದೊಂದು ಏಟಿಗೂ ದುಂಡನೆಯ ಗುರುತು ಮೂಡುತ್ತದೆ. ಗುರುತುಗಳೆಲ್ಲ ಹೀಲ್ ಕಡೆ, ಅಂದರೆ ಶಾಫ್ಟ್‌ಗೆ ಹತ್ತಿರದ ಒಳತುದಿಯಲ್ಲಿ, ಕೂಡಿಕೊಂಡಿದ್ದರೆ ಪ್ರಶ್ನೆ ಉದ್ದದ್ದೋ ನಿಲುವಿನದೋ ಇರಬಹುದು. ಫೇಸ್ ತುಂಬ ಚದುರಿದ್ದರೆ ಉದ್ದ ಕಡಿಮೆ ಮಾಡಿ ನೋಡುವುದು ಒಳ್ಳೆಯದು.

ಬರುವ ಕೋನ

ಬ್ಯಾಕ್‌ಸ್ಪಿನ್ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ ಎಂಬುದನ್ನು 1890ರ ದಶಕದಲ್ಲೇ ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗತ್ರೀ ಟೇಟ್ ವಿವರಿಸಿದ್ದರು. ಸ್ಪಿನ್ ತೀರ ಕಡಿಮೆಯಾದರೆ ಚೆಂಡು ಬೇಗ ಕುಸಿಯುತ್ತದೆ. ಹೆಚ್ಚಾದರೆ ಮೇಲಕ್ಕೇರಿ ದೂರ ಕಳೆದುಕೊಳ್ಳುತ್ತದೆ. ಸ್ಪಿನ್ ಎಷ್ಟು ಬರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು, ತಾಗುವ ಕ್ಷಣದ ಲಾಫ್ಟ್‌ಗೂ ಹೆಡ್ ಬರುವ ಕೋನಕ್ಕೂ ಇರುವ ಅಂತರ. ತಾಗುವಾಗಿನ ಲಾಫ್ಟ್ 12 ಡಿಗ್ರಿ ಎನ್ನಿ. 4 ಡಿಗ್ರಿ ಕೆಳಮುಖವಾಗಿ ಹೊಡೆಯುವವರಿಗೆ ಅಂತರ 16. 4 ಡಿಗ್ರಿ ಮೇಲ್ಮುಖವಾಗಿ ಹೊಡೆಯುವವರಿಗೆ 8. ಒಂದೇ ಡ್ರೈವರ್, ಒಂದೇ ವೇಗ, ಆದರೂ ಹಾರಾಟ ಬೇರೆ ಬೇರೆ. ಮೇಲ್ಮುಖದವರು ಎತ್ತರದ ಹಾರಾಟ, ಕಡಿಮೆ ಸ್ಪಿನ್ ಎರಡನ್ನೂ ಪಡೆಯಬಲ್ಲರು. ಕೆಳಮುಖದವರು ಯಾವ ಲಾಫ್ಟ್ ಹಿಡಿದರೂ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು.

ಲಾಂಚ್ ಮಾನಿಟರ್ ತಯಾರಿಸುವ ಟ್ರ್ಯಾಕ್‌ಮನ್ ಸಂಸ್ಥೆ ಹಿಂದೆ ಪ್ರಕಟಿಸಿದ್ದ ವೃತ್ತಿಪರರ ಸರಾಸರಿಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಪಿಜಿಎ ಟೂರ್ ಪುರುಷರ ಹೆಡ್ ವೇಗ 113 ಮೈಲಿ, ಬರುವ ಕೋನ 1.3 ಡಿಗ್ರಿ ಕೆಳಕ್ಕೆ, ಚೆಂಡು ಹೊರಡುವ ಕೋನ 10.9. ಎಲ್‌ಪಿಜಿಎ ಮಹಿಳೆಯರ ವೇಗ 94 ಮೈಲಿ, ಬರುವ ಕೋನ 3 ಡಿಗ್ರಿ ಮೇಲಕ್ಕೆ, ಹೊರಡುವ ಕೋನ 13.2. ಚೆಂಡಿನ ವೇಗ ಕ್ರಮವಾಗಿ 167 ಮತ್ತು 140. ಅನುಪಾತದಲ್ಲಿ ಮಹಿಳೆಯರು ಕಿಂಚಿತ್ತೂ ಹಿಂದಿಲ್ಲ. ಹವ್ಯಾಸಿಗಳಲ್ಲಿ ಬಹುಪಾಲು ಜನರ ವೇಗ 113ಕ್ಕಿಂತ 94ಕ್ಕೆ ಹತ್ತಿರ. ಆದ್ದರಿಂದ ಅವರು ಅನುಸರಿಸಬೇಕಾದ ಮಾದರಿ ಮಹಿಳಾ ವೃತ್ತಿಪರರದ್ದು. ‘ಲಾಫ್ಟ್ ಕಡಿಮೆಯಾದಷ್ಟೂ ದೂರ’ ಎಂಬ ನಂಬಿಕೆಯಿಂದ 9 ಡಿಗ್ರಿ ಡ್ರೈವರ್ ಕೊಳ್ಳುವವರು ತಮ್ಮದಲ್ಲದ ಸ್ವಿಂಗ್‌ಗೆ ಹಣ ಕೊಡುತ್ತಿದ್ದಾರೆ.

ಶಾಫ್ಟ್, ಉದ್ದ, ಗಾಳಿ

ಶಾಫ್ಟ್‌ನ ಬಿಗುವು ಸೂಚಿಸಲು ಅದರ ಮೇಲೆ ಬರೆದಿರುವ ಆರ್, ಎಸ್, ಎಕ್ಸ್ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಯಿಲ್ಲ. ಅಕ್ಷರ ನೋಡಿ ಆರಿಸದೆ ಹೊಡೆದು ನೋಡಿಯೇ ಆರಿಸಬೇಕು. ಉದ್ದಕ್ಕೆ ನಿಯಮದ ಮಿತಿ 48 ಇಂಚು. 2022ರಿಂದ ವೃತ್ತಿಪರ ಸ್ಪರ್ಧೆಗಳು 46ಕ್ಕೆ ಇಳಿಸಿಕೊಳ್ಳಲು ಸ್ಥಳೀಯ ನಿಯಮದ ಅವಕಾಶವಿದೆ. ಉದ್ದ ಹೆಚ್ಚಿದರೆ ವೇಗ ಸಿಗುತ್ತದೆ, ನಡುವಿಗೆ ತಾಗಿಸುವುದು ಕಷ್ಟವಾಗುತ್ತದೆ.

1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಊರಿನಲ್ಲಿ ಫಿಟ್ಟಿಂಗ್ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆ, ಎಳೆತವೂ ಎತ್ತುವ ಬಲವೂ ತಗ್ಗುತ್ತವೆ, ಚೆಂಡು ತುಸು ಹೆಚ್ಚು ದೂರ ಹೋಗುತ್ತದೆ. ಲಾಂಚ್ ಮಾನಿಟರ್‌ನಲ್ಲಿ ಯಾವ ಎತ್ತರ ನಮೂದಿಸಿದ್ದಾರೆ ಎಂದು ಕೇಳದೆ, ಇಲ್ಲಿನ ಅಂಕಿಯನ್ನು ಮಂಗಳೂರಿನ ಅಂಕಿಯೊಂದಿಗೆ ಹೋಲಿಸುವುದು ಸರಿಯಲ್ಲ.

ನಿರ್ಣಯ

ಹಳೆಯ ಡ್ರೈವರ್ ಜೊತೆಗೇ ಒಯ್ಯಬೇಕು. ತಾವು ದಿನವೂ ಆಡುವ ಚೆಂಡಿನಿಂದಲೇ ಎರಡರಲ್ಲೂ ಹೊಡೆಯಬೇಕು. ಅತಿ ದೂರ ಹೋದ ಒಂದು ಹೊಡೆತವನ್ನು ಬಿಟ್ಟು, ಎಲ್ಲ ಹೊಡೆತಗಳ ಸರಾಸರಿಯನ್ನೂ ಎಡಬಲದ ಹರವನ್ನೂ ಹೋಲಿಸಬೇಕು. ಕೆಳಮುಖ ಹೊಡೆತವೇ ತೊಂದರೆಯಾಗಿದ್ದರೆ ಟೀ ಎತ್ತರ, ಚೆಂಡು ಇಡುವ ಜಾಗ ತಿದ್ದುವ ಪಾಠಕ್ಕೆ ಮೊದಲು ಹಣ ಸಲ್ಲಬೇಕು. ಹಳೆಯ ಡ್ರೈವರ್ ಹೊಸದಕ್ಕೆ ಸರಿಸಮನಾಗಿ ನಿಂತರೆ ಅದನ್ನೇ ಉಳಿಸಿಕೊಳ್ಳಿ ಎಂದು ಬಾಯಿಬಿಟ್ಟು ಹೇಳುವುದು ಫಿಟ್ಟರ್‌ನ ಕರ್ತವ್ಯ. ಹಾಗೆ ಹೇಳುವ ಫಿಟ್ಟರ್‌ನ ಅಳತೆಯನ್ನು ಮಾತ್ರ ನಂಬಬಹುದು.