ಮುಂಬಯಿಯ ಬ್ಯಾಕ್ ಬೇ ನೆಲವೂ ಅದರ ಮೇಲಣ ಅಂತಸ್ತಿನ ಮನೆಗಳೂ

ಮುಂಬಯಿ ನಗರದ ಓವಲ್ ಮೈದಾನದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಉಚ್ಚ ನ್ಯಾಯಾಲಯವೂ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರವೂ ಕಾಣುತ್ತವೆ. ಇವೆರಡೂ 1878ರಲ್ಲಿ ಪೂರ್ಣವಾದುವು. ಚೂಪು ಕಮಾನು, ಕೆತ್ತಿದ ಕಲ್ಲು, ಎತ್ತರವಾದ ಶಿಖರ, ಇವು ಅವುಗಳ ಲಕ್ಷಣ. ಪಶ್ಚಿಮಕ್ಕೆ ತಿರುಗಿದರೆ ಐದಾರು ಅಂತಸ್ತಿನ ವಾಸದ ಮನೆಗಳ ಸಾಲು. ನುಣುಪಾದ ಗೋಡೆ, ದುಂಡಾದ ಮೂಲೆ, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಕಾಂಕ್ರೀಟಿನ ಛಜ್ಜ, ಇವುಗಳಿಂದ ಆ ಸಾಲು ಎದುರಿನದಕ್ಕೆ ಸಂಬಂಧವೇ ಇಲ್ಲವೆಂಬಂತೆ ತೋರುತ್ತದೆ. ಎರಡು ಸಾಲುಗಳ ನಡುವಣ ಅಂತರ ಸುಮಾರು ಅರುವತ್ತು ವರ್ಷ. ಮೊದಲ ಸಾಲು ಎದ್ದ ಕಾಲದಲ್ಲಿ ಎರಡನೆಯ ಸಾಲಿನ ಕಡೆಗೆ ರೈಲುಹಾದಿಯೂ ಅದರಾಚೆ ಸಮುದ್ರದ ಅಲೆಗಳೂ ಇದ್ದುವು. ಈ ನೆಲ ಯಾರ ಹಣದಿಂದ ಹುಟ್ಟಿತು, ಅದರ ಮೇಲೆ ಯಾರಿಗೆ ಮನೆಗಳಾದುವು ಎಂಬುದು ವಾಸ್ತುಶಿಲ್ಪದ ಚರ್ಚೆಯಲ್ಲಿ ಅನೇಕ ವೇಳೆ ಮರೆತುಹೋಗುತ್ತದೆ.

1668ರಲ್ಲಿ ಇಂಗ್ಲೆಂಡಿನ ಅರಸನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಮುಂಬಯಿ ಏಳು ದ್ವೀಪಗಳ ಗುಂಪು. ನಡುನಡುವಣ ತಗ್ಗುಗಳನ್ನು ತುಂಬಿ ಅವನ್ನು ಒಂದಾಗಿಸುವ ಕೆಲಸವೇ ಈ ಊರಿನ ಚರಿತ್ರೆಯ ಬಹುಭಾಗವೆನ್ನಬಹುದು. 1860ರ ದಶಕದಲ್ಲಿ ಗವರ್ನರ್ ಸರ್ ಬಾರ್ಟಲ್ ಫ್ರಿಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿದ ಮೇಲೆ ನಗರದ ಮಧ್ಯಭಾಗಕ್ಕೆ ಪಶ್ಚಿಮದತ್ತ ಹರಡುವ ಅವಕಾಶ ದೊರೆಯಿತು. ಅದೇ ಕಾಲದಲ್ಲಿ ಅಮೆರಿಕದ ಅಂತರ್ಯುದ್ಧದ ದೆಸೆಯಿಂದ (1861–65) ಹತ್ತಿಯ ಬೆಲೆ ಏರಿ, ಮುಂಬಯಿಯ ವರ್ತಕರ ಕೈಯಲ್ಲಿ ಎಣಿಸಲಾರದಷ್ಟು ಹಣ ಸೇರಿತು. ಪಶ್ಚಿಮದ ಕೊಲ್ಲಿಯಾದ ಬ್ಯಾಕ್ ಬೇಯನ್ನು ತುಂಬಿ ನೆಲ ಮಾಡುವೆವೆಂದು ಒಂದು ಕಂಪನಿ ಹುಟ್ಟಿತು. ಪ್ರೇಮಚಂದ್ ರಾಯಚಂದ್ ಮೊದಲಾದ ಸಾಹುಕಾರರು ಅದರ ಬೆನ್ನಿಗಿದ್ದರು. ನೆಲ ಮೇಲೆದ್ದು ಬರುವ ಮೊದಲೇ ಷೇರುಗಳು ಆಕಾಶಕ್ಕೇರಿದುವು. 1865ರಲ್ಲಿ ಯುದ್ಧ ನಿಂತೊಡನೆ ಎಲ್ಲವೂ ಕುಸಿಯಿತು. ಆ ಸಾಹಸದಿಂದ ಉಳಿದದ್ದು ದಡದುದ್ದಕ್ಕೂ ಒಂದು ಕಿರಿದಾದ ಪಟ್ಟಿ ಮಾತ್ರ. ಬಿ. ಬಿ. ಸಿ. ಐ. ರೈಲುಹಾದಿಗೆ ಅದು ಉಪಯೋಗವಾಯಿತು.

ಒಮ್ಮೆ ಮುಳುಗಿದ ಆಸೆ ಅರ್ಧ ಶತಮಾನದ ಮೇಲೆ ಮತ್ತೆ ತಲೆಯೆತ್ತಿತು. ಮೊದಲನೆಯ ಮಹಾಯುದ್ಧ ಮುಗಿದಾಗ ಮುಂಬಯಿಯಲ್ಲಿ ಮನೆಗಳ ಅಭಾವ ಅತಿಯಾಗಿತ್ತು. ನೆಲದ ಬೆಲೆಯೂ ಬಾಡಿಗೆಯೂ ದಿನದಿನಕ್ಕೆ ಏರುತ್ತಿದ್ದುವು. 1918ರ ಕೊನೆಯಲ್ಲಿ ಗವರ್ನರಾಗಿ ಬಂದ ಸರ್ ಜಾರ್ಜ್ ಲಾಯ್ಡ್ ದೊಡ್ಡ ಕೆಲಸಗಳಲ್ಲಿ ಉತ್ಸಾಹವುಳ್ಳವನು. 1920ರಲ್ಲಿ ಅವನು ಅಭಿವೃದ್ಧಿ ಇಲಾಖೆಯೊಂದನ್ನು ಸ್ಥಾಪಿಸಿ ಅದಕ್ಕೆ ಎರಡು ಮುಖ್ಯ ಕಾರ್ಯಗಳನ್ನು ವಹಿಸಿದನು. ಒಂದು, ಬ್ಯಾಕ್ ಬೇಯಲ್ಲಿ 1,145 ಎಕರೆ ನೆಲವನ್ನು ಎಂಟು ಖಂಡಗಳಾಗಿ ಸಮುದ್ರದಿಂದ ಪಡೆಯುವುದು. ಇನ್ನೊಂದು, ಗಿರಣಿಯ ಕೂಲಿಕಾರರಿಗಾಗಿ 50,000 ಕೋಣೆಗಳನ್ನು ಕಟ್ಟುವುದು. ನಗರದ ಮೇಲಣ ವರ್ಗಕ್ಕೂ ಕೆಳಗಣ ವರ್ಗಕ್ಕೂ ಒಂದೇ ಕಚೇರಿ ಒಂದೇ ಕಾಲದಲ್ಲಿ ಮನೆಯನ್ನು ಯೋಚಿಸಿದ್ದು ಈ ಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ.

ಬ್ಯಾಕ್ ಬೇ ಯೋಜನೆಯ ಕ್ರಮ ಕಾಗದದ ಮೇಲೆ ಸರಳವಾಗಿತ್ತು. ಕೊಲ್ಲಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಬೇಕು. ಪೂರ್ವದ ಬಂದರಿನ ತಳದಿಂದ ಜೇಡಿಮಣ್ಣನ್ನು ಹೂಳೆತ್ತುವ ಹಡಗಿನಿಂದ ಅಗೆದು, ಕೊಳವೆಗಳ ಮೂಲಕ ಕೊಲಾಬಾದ ಈಚೆಗೆ ಸಾಗಿಸಿ, ಒಡ್ಡಿನ ಒಳಗೆ ಸುರಿಯಬೇಕು. ಹಡಗಿಗೆ ಗವರ್ನರನ ಹೆಸರನ್ನೇ ಇಟ್ಟರು. ಆದರೆ ಅದು ಅಂದಾಜಿನಲ್ಲಿ ಹೇಳಿದಷ್ಟು ಮಣ್ಣನ್ನು ಎತ್ತಲಾರದೆ ಹೋಯಿತು. ಎತ್ತಿದ ಮಣ್ಣಿನಲ್ಲಿಯೂ ಒಂದು ಭಾಗ ಒಡ್ಡಿನ ಕಲ್ಲುಗಳ ಸಂದಿಯಿಂದ ಮರಳಿ ಕಡಲಿಗೆ ಹರಿಯಿತು. ವೆಚ್ಚ ಏರಿತು, ನೆಲ ಏರಲಿಲ್ಲ. ಲಾಯ್ಡ್ ಸಾಹೇಬನು 1923ರಲ್ಲಿ ಅಧಿಕಾರ ಬಿಟ್ಟು ಹೋದನು. ಲೆಕ್ಕ ಒಪ್ಪಿಸುವ ಹೊಣೆ ಹಿಂದುಳಿದವರ ಪಾಲಿಗೆ ಬಂತು.

ಶಾಸನಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಈ ವಿಷಯವನ್ನು ಎತ್ತಿ ಹಿಡಿದವರು ವಕೀಲರಾದ ಖುರ್ಷೇದ್ ಫ್ರಾಮ್‌ಜಿ ನರಿಮನ್. ಇಲಾಖೆಯ ಒಬ್ಬ ಅಧಿಕಾರಿ ಅವರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದನು. 1928ರಲ್ಲಿ ನರಿಮನ್ನರು ನಿರ್ದೋಷಿಗಳೆಂದು ತೀರ್ಪಾಯಿತು. ಅದಕ್ಕೂ ಮುಂಚೆ, 1926ರಲ್ಲಿ, ಸರ್ ಗ್ರಿಮ್‌ವುಡ್ ಮಿಯರ್ಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದು ನೇಮಕವಾಗಿತ್ತು. ಮೈಸೂರಿನ ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಸದಸ್ಯರಲ್ಲೊಬ್ಬರು. ಮುಂಬಯಿ ಸರಕಾರದ ಇಂಜಿನಿಯರಾಗಿಯೇ ವೃತ್ತಿಯನ್ನು ಆರಂಭಿಸಿದ್ದ ಅವರಿಗೆ ಆ ಇಲಾಖೆಯ ರೀತಿನೀತಿಗಳು ಹೊಸವಲ್ಲ. ಕೊನೆಗೆ ಎಂಟು ಖಂಡಗಳಲ್ಲಿ ಉತ್ತರದ ಎರಡನ್ನೂ ದಕ್ಷಿಣದ ಎರಡನ್ನೂ ಮಾತ್ರ ಪೂರೈಸಿ, ನಡುವಣ ನಾಲ್ಕನ್ನು ಬಿಟ್ಟುಬಿಟ್ಟರು. ದೊರೆತ ನೆಲ ಸುಮಾರು 440 ಎಕರೆ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸೈನ್ಯದ ಇಲಾಖೆಗೆ ಮಾರಾಟವಾಯಿತು.

ಈ ನಷ್ಟದ ಭಾರ ಮುಂಬಯಿ ನಗರದ ಮೇಲೆ ಮಾತ್ರ ಬೀಳಲಿಲ್ಲವೆಂಬುದನ್ನು ಕನ್ನಡ ಓದುಗರು ಮರೆಯಲಾಗದು. ಇದು ಪ್ರಾಂತದ ಸರಕಾರದ ಕೆಲಸ. ಸಾಲ ಪ್ರಾಂತದ ಬೊಕ್ಕಸದ್ದು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ವರೆಗೆ ಮುಂಬಯಿಗೆ ಸೇರಿದ್ದುವು. ಎರೆಭೂಮಿಯ ಒಕ್ಕಲಿಗನು ಕೊಟ್ಟ ಕಂದಾಯವೂ ಸಿಂಧ, ಗುಜರಾತ, ಮಹಾರಾಷ್ಟ್ರಗಳ ರೈತರ ಕಂದಾಯವೂ ಅದೇ ಬೊಕ್ಕಸಕ್ಕೆ ಹೋಗುತ್ತಿದ್ದುವು. ಕಡಲನ್ನೇ ಕಾಣದವರು ಕಡಲ ದಂಡೆಯ ನೆಲಕ್ಕೆ ಪಾಲು ಕೊಟ್ಟರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ನೆಲ ಸಿದ್ಧವಾದಾಗ ಲೋಕದಲ್ಲೆಲ್ಲ ಆರ್ಥಿಕ ಮುಗ್ಗಟ್ಟು. ನಿವೇಶನಗಳು ಕೊಳ್ಳುವವರಿಲ್ಲದೆ ಬಿದ್ದಿದ್ದುವು. 1930ರ ದಶಕದ ನಡುಭಾಗದಿಂದೀಚೆಗೆ ಸ್ಥಿತಿ ಬದಲಾಯಿತು. ಹತ್ತಿಯ ವರ್ತಕರು, ವಿಮಾ ಕಂಪನಿಗಳು, ಪಾರಸಿ, ಗುಜರಾತಿ ಮತ್ತು ಮಾರವಾಡಿ ಕುಟುಂಬಗಳು, ಹಣವನ್ನು ಭದ್ರವಾದ ಆಸ್ತಿಯಲ್ಲಿ ತೊಡಗಿಸಲೆಳಸಿ ಮುಂದೆ ಬಂದರು. ಮರೀನ್ ಡ್ರೈವಿನ ದಂಡೆಯಲ್ಲಿ ಕಪೂರ್ ಮಹಲ್, ಝವೇರ್ ಮಹಲ್, ಕೇವಲ್ ಮಹಲ್ ಎಂಬ ಮೂರು ಕಟ್ಟಡಗಳು 1937–39ರಲ್ಲಿ ಎದ್ದುವು. ಸೂನಾ ಮಹಲ್ 1937ರದು. ಚರ್ಚ್‌ಗೇಟಿನ ಮೂಲೆಯಲ್ಲಿ ಸೊರಾಬ್ಜಿ ಭೇದ್ವಾರರು ರಚಿಸಿದ ಈರೋಸ್ ಚಿತ್ರಮಂದಿರ 1938ರಲ್ಲಿ ತೆರೆಯಿತು. ಓವಲಿನ ಪಕ್ಕದಲ್ಲಿ ಎಂಪ್ರೆಸ್ ಕೋರ್ಟ್, ಕೋರ್ಟ್ ವ್ಯೂ ಮೊದಲಾದುವು ಒಂದರ ಬಳಿ ಒಂದು ನಿಂತುವು.

ಈ ಸಾಲಿನ ಒಮ್ಮತ ಆಕಸ್ಮಿಕವಲ್ಲ. ನೆಲದ ಒಡೆತನ ಸರಕಾರದಲ್ಲಿಯೇ ಉಳಿದು, ಕಟ್ಟುವವರಿಗೆ ದೀರ್ಘಕಾಲದ ಗುತ್ತಿಗೆ ಮಾತ್ರ ದೊರೆಯುತ್ತಿತ್ತು. ಗುತ್ತಿಗೆಯ ಕರಾರಿನಲ್ಲಿ ಎತ್ತರ, ಬೀದಿಯಿಂದ ಬಿಡಬೇಕಾದ ಅಂತರ, ಆವರಣದ ಗೋಡೆ ಇತ್ಯಾದಿಗಳನ್ನು ಕಟ್ಟುಪಾಡಿಗೆ ಒಳಪಡಿಸಲಾಗಿತ್ತು. ಬೇರೆ ಬೇರೆ ಧಣಿಗಳೂ ಬೇರೆ ಬೇರೆ ಶಿಲ್ಪಿಗಳೂ ಕಟ್ಟಿದ ಮನೆಗಳ ತಲೆ ಒಂದೇ ಗೆರೆಯಲ್ಲಿ ನಿಲ್ಲಲು ಇದೇ ಕಾರಣ. ನೆಲ ಖಾಸಗಿಯವರದಾಗಿದ್ದರೆ ಈ ಶಿಸ್ತು ನಿಲ್ಲುತ್ತಿತ್ತೆಂದು ನಂಬುವುದು ಕಷ್ಟ.

ಇನ್ನೊಂದು ಕಾರಣ ಕಬ್ಬಿಣದ ಸರಳು ಸೇರಿದ ಕಾಂಕ್ರೀಟು. ದಪ್ಪ ಗೋಡೆಯ ಮೇಲೆ ಭಾರ ಹೊರಿಸುತ್ತಿದ್ದ ಹಳೆಯ ಪದ್ಧತಿಯಲ್ಲಿ ಅಂತಸ್ತು ಏರಿದಂತೆ ಕೆಳಗಣ ಕೋಣೆ ಕಿರಿದಾಗುತ್ತಿತ್ತು. ಕಂಬ ತೊಲೆಗಳ ಚೌಕಟ್ಟಿನಲ್ಲಿ ಆ ತೊಂದರೆಯಿಲ್ಲ. ಕಂಬದ ಆಸರೆಯಿಲ್ಲದೆ ಮೊಗಸಾಲೆಯನ್ನು ಗೋಡೆಯಿಂದ ಹೊರಕ್ಕೆ ಚಾಚಬಹುದು; ಮೂಲೆಯನ್ನು ಬಾಗಿಸಬಹುದು; ಮುಂಗಾರಿನ ಎರಚಲನ್ನು ತಡೆಯಲು ಕಿಟಕಿಯ ಮೇಲೆ ತೆಳ್ಳಗಿನ ಛಜ್ಜ ಓಡಿಸಬಹುದು. ದೇಶದಲ್ಲಿಯೇ ಸಿಮೆಂಟು ಹೇರಳವಾಗಿ ತಯಾರಾಗುತ್ತಿದ್ದ ಕಾಲ ಅದು; 1936ರಲ್ಲಿ ಅನೇಕ ಸಿಮೆಂಟು ಕಂಪನಿಗಳು ಕೂಡಿ ಎ. ಸಿ. ಸಿ. ಎಂಬ ಒಂದೇ ಸಂಸ್ಥೆಯಾದುವು. ಜೆ. ಜೆ. ಕಲಾಶಾಲೆಯಲ್ಲಿ ಕ್ಲಾಡ್ ಬ್ಯಾಟ್ಲೆ ಮೊದಲಾದವರ ಕೈಕೆಳಗೆ ತರಪೇತಾದ ಭಾರತೀಯ ಶಿಲ್ಪಿಗಳ ಒಂದು ತಲೆಮಾರು ಸಿದ್ಧವಾಗಿತ್ತು. ಅವರಲ್ಲಿ ಜಿ. ಬಿ. ಮ್ಹಾತ್ರೆಯವರು (1902–1973) ಅಗ್ರಗಣ್ಯರು. ಸರಕಾರದ ಗೋಪುರಗಳನ್ನು ಆಂಗ್ಲರು ರಚಿಸಿದರು. ಈ ವಾಸದ ಮನೆಗಳಲ್ಲಿ ಬಹುಪಾಲು ಭಾರತೀಯರು ಭಾರತೀಯರಿಗಾಗಿ ರಚಿಸಿದವು. ಓವಲಿನ ಎರಡು ಪಕ್ಕಗಳ ನಡುವಣ ನಿಜವಾದ ವ್ಯತ್ಯಾಸ ಅಲಂಕಾರದಲ್ಲಿರುವುದಕ್ಕಿಂತ ಇಲ್ಲಿಯೇ ಹೆಚ್ಚಾಗಿದೆ.

ಒಳಗಿನ ಬಾಳುವೆಯೂ ಹೊಸತು. ಅಂಗಳದ ಸುತ್ತ ಹಬ್ಬಿದ ಕೂಡುಕುಟುಂಬದ ಮನೆಗೆ ಬದಲಾಗಿ, ಒಂದೇ ಬಾಗಿಲೊಳಗೆ ಅಡಿಗೆಮನೆ, ಬಚ್ಚಲು, ಪಾಯಿಖಾನೆ ಎಲ್ಲವೂ ಅಡಕವಾದ ‘ಫ್ಲಾಟು’ ಬಂತು. ಮೇಲಕ್ಕೆ ಹೋಗಲು ಲಿಫ್ಟು. ಆಳುಗಳಿಗೆ ಬೇರೆ ಹಿಂಬದಿಯ ಮೆಟ್ಟಿಲು. ಮಡಿ ಮೈಲಿಗೆಯ ಮನೆತನಗಳು ಪರರೊಡನೆ ಒಂದೇ ಮಾಡಿನ ಕೆಳಗೆ ಇರಲು ಒಪ್ಪಿದ್ದರಲ್ಲಿ ಕೊಳವೆಯ ನೀರಿನ ಪಾಲು ಚಿಕ್ಕದಲ್ಲ. 1937ರಲ್ಲಿ ಮುಂಬಯಿಯ ಟೌನ್ ಹಾಲಿನಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆಯು ‘ಆದರ್ಶ ಗೃಹ’ ಪ್ರದರ್ಶನವನ್ನೇರ್ಪಡಿಸಿ ಇಂಥ ಬಾಳುವೆಯ ಮಾದರಿಯನ್ನು ಜನರ ಮುಂದಿಟ್ಟಿತು.

ಇಲಾಖೆಯ ಇನ್ನೊಂದು ಕೈಗೂಸು ಬೇರೆಯ ಹಾದಿ ಹಿಡಿಯಿತು. ಹತ್ತಿಯ ಹಿಂಡಿಗೆಯೊಂದಕ್ಕೆ ಒಂದು ರೂಪಾಯಿಯಂತೆ ಸುಂಕ ಹಾಕಿ, ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ನಾಲ್ಕು ಅಂತಸ್ತಿನ ಕಾಂಕ್ರೀಟಿನ ಚಾಳುಗಳನ್ನು ಎಬ್ಬಿಸಿದರು. 50,000 ಕೋಣೆಗಳ ಸಂಕಲ್ಪ ಸುಮಾರು 16,000ಕ್ಕೆ ನಿಂತಿತು. ಚಾಳೊಂದಕ್ಕೆ ಎಂಬತ್ತು ಕೋಣೆ. ಕೋಣೆಯೊಂದು ಸುಮಾರು 160 ಚದರಡಿ. ನಲ್ಲಿಯೂ ಪಾಯಿಖಾನೆಯೂ ಎಲ್ಲರಿಗೂ ಸೇರಿದ್ದು. ಬಾಡಿಗೆ ಹೆಚ್ಚು, ಸೌಕರ್ಯ ಕಡಿಮೆಯೆಂದು ಕೂಲಿಕಾರರು ಮೊದಮೊದಲು ಅತ್ತ ಸುಳಿಯಲಿಲ್ಲ. ವರಳಿಯ ಚಾಳುಗಳು ಖಾಲಿ ಬಿದ್ದುವು. 1930ರ ಕಾನೂನುಭಂಗದ ಚಳವಳಿಯಲ್ಲಿ ಸರಕಾರವು ಅವನ್ನು ಸೆರೆಮನೆಯಾಗಿ ಬಳಸಿತು. ಸಿಮೆಂಟು ಅದೇ, ಅಂತಸ್ತೂ ಹೆಚ್ಚುಕಡಿಮೆ ಅಷ್ಟೇ. ಆದರೆ ಒಂದಕ್ಕೆ ಸಮುದ್ರದ ಗಾಳಿ ದೊರೆಯಿತು, ಇನ್ನೊಂದಕ್ಕೆ ಬಂದೂಕಿನ ಕಾವಲು. ಮುಂದೆ ಮನೆಗಳ ಅಭಾವ ಹೆಚ್ಚಿದಾಗ ಆ ಕೋಣೆಗಳೂ ತುಂಬಿ ತುಳುಕಿದುವು. 2017ರಿಂದೀಚೆಗೆ ಅವನ್ನು ಕೆಡವಿ ಎತ್ತರದ ಗೋಪುರಗಳನ್ನು ಕಟ್ಟುವ ಯೋಜನೆ ನಡೆದಿದೆ.

ಸಮುದ್ರದ ಮುಂದಣ ಸಾಲೂ ಸುಖವಾಗಿಯೇ ಉಳಿಯಲಿಲ್ಲ. ಉಪ್ಪಿನ ಗಾಳಿ ಕಾಂಕ್ರೀಟಿನೊಳಗಣ ಸರಳನ್ನು ತುಕ್ಕು ಹಿಡಿಸಿತು. 1947ರ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರದ ಮಟ್ಟದಲ್ಲಿ ಹಿಡಿದು ನಿಲ್ಲಿಸಿತು. ಇದರಿಂದ ಬಾಡಿಗೆದಾರನಿಗೆ ರಕ್ಷಣೆ ದೊರೆತದ್ದು ನಿಜ. ಬಂದ ಬಾಡಿಗೆ ಗೋಡೆಗೆ ಸುಣ್ಣ ಹೊಡೆಯುವುದಕ್ಕೂ ಸಾಲದೆ ಧಣಿ ಕೈಬಿಟ್ಟದ್ದೂ ಅಷ್ಟೇ ನಿಜ. ಬಾಡಿಗೆ ಬೆಳೆಯದೆ, ಪಗಡಿಯ ರೂಪದಲ್ಲಿ ಮರೆಯ ಹಣ ಬೆಳೆಯಿತು. ಆದರೂ ಅದೇ ಕಾಯಿದೆಯ ದೆಸೆಯಿಂದ ಮನೆಗಳು ಸುಲಭವಾಗಿ ಕೈಬದಲಾಗಲಿಲ್ಲ, ಕೆಡಹಲ್ಪಡಲೂ ಇಲ್ಲ. 1995ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಯ ನಿಯಮಗಳು ಬಂದುವು. 2018ರಲ್ಲಿ ಯುನೆಸ್ಕೊ ಸಂಸ್ಥೆಯು ಓವಲಿನ ಪೂರ್ವದ ಸಾಲನ್ನೂ ಪಶ್ಚಿಮದ ಸಾಲನ್ನೂ ಕೂಡಿಸಿ, 94 ಕಟ್ಟಡಗಳನ್ನೊಳಗೊಂಡ ಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

1920ರ ದಶಕದಲ್ಲಿ ಕೈಬಿಟ್ಟ ನಡುವಣ ಖಂಡಗಳ ಕಡೆಗೆ ಸ್ವಾತಂತ್ರ್ಯಾನಂತರ ಮತ್ತೆ ಕಲ್ಲುಮಣ್ಣು ಬಿದ್ದಿತು. ಆ ನೆಲದ ಮೇಲೆ 1970ರ ದಶಕದಲ್ಲಿ ಕಚೇರಿಗಳ ಗೋಪುರಗಳೆದ್ದುವು. ಏರ್ ಇಂಡಿಯಾ ಕಟ್ಟಡವೊಂದಕ್ಕೇ 23 ಅಂತಸ್ತು. ಐದಂತಸ್ತಿನ ಸಾಲಿನ ಕಟ್ಟುಪಾಡು ಅಲ್ಲಿಗೆ ಅನ್ವಯಿಸಲಿಲ್ಲ. ಆ ಭಾಗಕ್ಕೆ, ಕೊಲ್ಲಿಯನ್ನು ತುಂಬುವ ಯೋಜನೆಯನ್ನು ವಿರೋಧಿಸಿ ನ್ಯಾಯಾಲಯದ ಕಟ್ಟೆ ಹತ್ತಿದ್ದ ಖುರ್ಷೇದ್ ನರಿಮನ್ನರ ಹೆಸರನ್ನೇ ಇಟ್ಟು, ನರಿಮನ್ ಪಾಯಿಂಟ್ ಎಂದು ಕರೆದರು.